ಬೀಟಲ್ ಕಾರು ಮತ್ತೆ ಮತ್ತೆ ಬಂದದ್ದೇಕೆ: ಆ್ಯಕ್ಷನ್ ಸಿನಿಮಾದ ತಪ್ಪುಗಳನ್ನು ನೋಡುವ ಬಗೆ

1968ರ 'ಬುಲಿಟ್' ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಕಾರುಗಳು ಬೆನ್ನಟ್ಟುವ ದೃಶ್ಯ ಹತ್ತು ನಿಮಿಷದಷ್ಟು ಉದ್ದವಿದೆ. ಮೊದಲ ಸಲ ನೋಡುವಾಗ ಏನನ್ನೂ ಹುಡುಕಬೇಡಿ. ಸ್ಟೀವ್ ಮೆಕ್ವೀನ್‌ನ ಹಸಿರು ಮಸ್ಟ್ಯಾಂಗ್, ಅವನ ಮುಂದೆ ಓಡುವ ಕಪ್ಪು ಡಾಡ್ಜ್ ಚಾರ್ಜರ್, ಹಿನ್ನೆಲೆ ಸಂಗೀತ ನಿಂತ ಮೇಲೆ ಕಿವಿ ತುಂಬುವ ಎಂಜಿನ್ ಸದ್ದು, ಇಷ್ಟು ಸಾಕು. ಎರಡನೆಯ ಸಲ ಮಾತ್ರ ದಾರಿಯಲ್ಲಿ ನಿಧಾನಕ್ಕೆ ಹೋಗುತ್ತಿರುವ ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ ಮೇಲೆ ಕಣ್ಣಿಡಿ. ಎರಡೂ ಕಾರುಗಳು ಅದನ್ನು ಹಿಂದೆ ಹಾಕುತ್ತವೆ. ಸ್ವಲ್ಪ ಹೊತ್ತಿಗೆ ಅದೇ ಬೀಟಲ್ ಮತ್ತೆ ಮುಂದೆ ಸಿಗುತ್ತದೆ, ಆಮೇಲೆ ಇನ್ನೊಮ್ಮೆ. ಚಾರ್ಜರ್‌ನಿಂದ ಕಳಚಿ ಹಾರುವ ವೀಲ್ ಕ್ಯಾಪ್‌ಗಳನ್ನು ಎಣಿಸಿದರೆ ನಾಲ್ಕು ಚಕ್ರದ ಕಾರಿನ ಲೆಕ್ಕ ಮೀರುತ್ತದೆ.

ಕಾರಣ ಸರಳವಾಗಿದೆ. ಒಂದೇ ಓಟವನ್ನು ಹಲವು ಕ್ಯಾಮೆರಾಗಳಿಂದ ಹಿಡಿದಿದ್ದರು. ಆ ತುಣುಕುಗಳನ್ನು ಸಂಕಲನದಲ್ಲಿ ಒಂದರ ಹಿಂದೊಂದು ಜೋಡಿಸಿ, ಒಂದು ಇಳಿಜಾರನ್ನು ಹಲವು ಇಳಿಜಾರಾಗಿ ಬೆಳೆಸಿದರು. ಬೀಟಲ್ ಎಲ್ಲ ಕೋನಗಳಲ್ಲೂ ಇದ್ದದ್ದರಿಂದ ಎಲ್ಲ ತುಣುಕುಗಳಲ್ಲೂ ಬಂತು. ಇದೇ ಚಿತ್ರದ ಸಂಕಲನಕ್ಕೆ ಫ್ರ್ಯಾಂಕ್ ಪಿ. ಕೆಲ್ಲರ್ ಆಸ್ಕರ್ ಪಡೆದರು. ಕಣ್ಣಿಗೆ ಹೊಡೆಯುವ ತಪ್ಪಿದ್ದ ಸಂಕಲನಕ್ಕೆ ಅಷ್ಟು ದೊಡ್ಡ ಗೌರವ ಹೇಗೆ ಸಿಕ್ಕಿತು? ಆ್ಯಕ್ಷನ್ ಚಿತ್ರಗಳನ್ನು ಆಳವಾಗಿ ಸವಿಯಬೇಕೆಂದಿರುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಉತ್ತರಕ್ಕೆ ವಾಲ್ಟರ್ ಮರ್ಚ್ ನೆರವಾಗುತ್ತಾರೆ. 'ಅಪೋಕ್ಯಾಲಿಪ್ಸ್ ನೌ' ಚಿತ್ರದ ಸಂಕಲನಕಾರರಲ್ಲಿ ಒಬ್ಬರಾದ ಅವರು, ಒಂದು ಶಾಟ್ ಅನ್ನು ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಆರು ಅಳತೆಗಳನ್ನು ಹೇಳಿ, ಒಂದೊಂದಕ್ಕೂ ತೂಕ ಕೊಟ್ಟಿದ್ದಾರೆ. ಭಾವಕ್ಕೆ ನೂರರಲ್ಲಿ 51, ಕಥೆಗೆ 23, ಲಯಕ್ಕೆ 10. ಯಾರು ಎಲ್ಲಿ ನಿಂತಿದ್ದರು, ಯಾವ ವಸ್ತು ಎಲ್ಲಿತ್ತು ಎಂಬ ಸ್ಥಳದ ಹೊಂದಾಣಿಕೆಗೆ ಕೊನೆಯ ಸ್ಥಾನ, ಬರೀ 4. ಎಲ್ಲವೂ ಕೂಡಿಬಂದರೆ ಒಳ್ಳೆಯದೇ. ಏನನ್ನಾದರೂ ಬಿಡಲೇಬೇಕಾಗಿ ಬಂದರೆ ಕೆಳಗಿನಿಂದ ಬಿಡುತ್ತಾ ಬರಬೇಕು ಎನ್ನುವುದು ಅವರ ಮಾತು. ಬೀಟಲ್ ಆ ನಾಲ್ಕು ಅಂಕಗಳಲ್ಲಿ ಸೇರಿದ್ದು. ಅದನ್ನು ಬಿಟ್ಟುಕೊಟ್ಟು ವೇಗವನ್ನು ಉಳಿಸಿಕೊಂಡರು. ಈ ಚೌಕಾಸಿ ನಿಮಗೆ ಕಂಡ ದಿನದಿಂದ ನೀವು ಸಂಕಲನವನ್ನು ನೋಡಲು ಶುರುಮಾಡಿರುತ್ತೀರಿ.

ಒಂದು ಶಾಟ್‌ನಿಂದ ಇನ್ನೊಂದಕ್ಕೆ ಇರಬೇಕಾದ ಈ ಹೊಂದಾಣಿಕೆಯನ್ನು ನಮ್ಮ ಚಿತ್ರರಂಗದವರೂ 'ಕಂಟಿನ್ಯುಟಿ' ಎಂದೇ ಕರೆಯುತ್ತಾರೆ. ಹಾಲಿವುಡ್‌ನಲ್ಲಿ ಇದಕ್ಕೆಂದೇ ಸ್ಕ್ರಿಪ್ಟ್ ಸೂಪರ್‌ವೈಸರ್ ಇರುತ್ತಾರೆ; ನಮ್ಮಲ್ಲಿ ಹೆಚ್ಚಾಗಿ ಸಹಾಯಕ ನಿರ್ದೇಶಕರ ತಲೆಗೆ ಬೀಳುವ ಕೆಲಸ. ಹಣೆಯ ಗಾಯ ಯಾವ ಬದಿಗಿತ್ತು, ಅಂಗಿಯ ತೋಳು ಎಲ್ಲಿವರೆಗೆ ಹರಿದಿತ್ತು ಎಂದೆಲ್ಲ ಬರೆದಿಡಬೇಕು, ಫೋಟೊ ತೆಗೆದಿಡಬೇಕು. ಸಾಹಸ ದೃಶ್ಯಗಳಲ್ಲಿ ಇದು ಇನ್ನೂ ಕಷ್ಟ. ನಟನ ಮುಖ ಒಂದು ದಿನ, ಡ್ಯೂಪ್‌ನ ಜಿಗಿತ ಇನ್ನೊಂದು ದಿನ, ಕಾರು ಪಲ್ಟಿಯಾಗುವುದು ಬೇರೆ ತಂಡದ ಕೈಯಲ್ಲಿ. 1971ರ ಬಾಂಡ್ ಚಿತ್ರ 'ಡೈಮಂಡ್ಸ್ ಆರ್ ಫಾರೆವರ್'ನಲ್ಲಿ ಕೆಂಪು ಮಸ್ಟ್ಯಾಂಗ್ ಬಲಬದಿಯ ಎರಡು ಚಕ್ರಗಳ ಮೇಲೆ ವಾಲಿಕೊಂಡು ಓಣಿಗೆ ನುಗ್ಗುತ್ತದೆ, ಎಡಬದಿಯ ಚಕ್ರಗಳ ಮೇಲೆ ಹೊರಬರುತ್ತದೆ. ತಪ್ಪು ಗೊತ್ತಾದ ಮೇಲೆ, ಓಣಿಯೊಳಗೆ ಕಾರು ಒಂದು ಬದಿಯಿಂದ ಇನ್ನೊಂದಕ್ಕೆ ವಾಲುವ ತುಣುಕನ್ನು ನಡುವೆ ಸೇರಿಸಿದರು. ಆ ತೇಪೆ ನನಗೆ ಇಷ್ಟ. ಅದನ್ನು ಹಾಕಿದವರ ಕಳವಳ ಪರದೆಯ ಮೇಲೆ ಹಾಗೇ ಉಳಿದಿದೆ.

ಹಾಗೆಂದು ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 'ಕಮ್ಯಾಂಡೊ'ದಲ್ಲಿ (1985) ಆರ್ನಾಲ್ಡ್ ಶ್ವಾರ್ಜ್‌ನೆಗರ್ ಬೆನ್ನಟ್ಟಿದ ಹಳದಿ ಪೋರ್ಷೆ ಒಂದು ಬದಿ ಪೂರ್ತಿ ಜಜ್ಜಿಹೋಗಿ ನಿಲ್ಲುತ್ತದೆ. ಮರುಕ್ಷಣ ಅವನು ಅದನ್ನೇ ಹತ್ತಿ ಹೊರಟಾಗ ಒಂದು ಗೀರೂ ಇಲ್ಲ. ಇದರಿಂದ ಆ ಚಿತ್ರಕ್ಕೆ ಏನೂ ನಷ್ಟವಿಲ್ಲ. ಒಬ್ಬನೇ ಮನುಷ್ಯ ಸೈನ್ಯವನ್ನೇ ಮಲಗಿಸುವ ಲೋಕವದು, ಅದನ್ನು ಮೊದಲೇ ಒಪ್ಪಿಕೊಂಡು ಕೂತಿರುತ್ತೇವೆ. 'ಡೈ ಹಾರ್ಡ್' (1988) ಹಾಗಲ್ಲ. ಅಲ್ಲಿ ಬರಿಗಾಲಿನ ಪೊಲೀಸನೊಬ್ಬನ ಮೈ ಮೇಲೆ ಪ್ರತಿ ಏಟಿನ ಲೆಕ್ಕವೂ ಉಳಿಯುತ್ತದೆ. ಗಾಜಿನ ಚೂರುಗಳ ಮೇಲೆ ನಡೆದ ಪಾದ ಆಮೇಲೆ ಕುಂಟುತ್ತದೆ, ಬಿಳಿ ಬನಿಯನ್ ಬಣ್ಣಗೆಡುತ್ತಾ ಹೋಗುತ್ತದೆ. ನೋವಿನ ಕಂಟಿನ್ಯುಟಿಯೇ ಆ ಚಿತ್ರದ ಪ್ರಾಣ. ಅದಕ್ಕಾಗಿಯೇ ಅದರ ಆ್ಯಂಬುಲೆನ್ಸ್ ಕಣ್ಣಿಗೆ ಚುಚ್ಚುತ್ತದೆ. ಕೊನೆಯಲ್ಲಿ ಕಳ್ಳರು ತಪ್ಪಿಸಿಕೊಳ್ಳಲು ಲಾರಿಯೊಳಗಿಂದ ಆ್ಯಂಬುಲೆನ್ಸ್ ಇಳಿಸುತ್ತಾರೆ. ಆರಂಭದಲ್ಲಿ ಅದೇ ಲಾರಿಯಿಂದ ಅವರು ಇಳಿಯುವಾಗ ಒಳಗೆ ಅಂಥದ್ದೇನೂ ಇರಲಿಲ್ಲ. ಚಿತ್ರೀಕರಣ ಶುರುವಾದಾಗ ಕಥೆಯ ಕೊನೆ ಇನ್ನೂ ಪಕ್ಕಾ ಆಗಿರಲಿಲ್ಲ ಎಂಬುದರ ಗುರುತು ಅದು.

ವಾಸ್ತವದ ತಪ್ಪುಗಳಿಗೂ ಇದೇ ಅಳತೆ. 'ಜಾನ್ ವಿಕ್ 2'ರಲ್ಲಿ (2017) ನ್ಯೂಯಾರ್ಕಿನ ರೈಲು ನಿಲ್ದಾಣದ ಜನಸಂದಣಿಯ ನಡುವೆ ಇಬ್ಬರು ಸೈಲೆನ್ಸರ್ ಹಾಕಿದ ಪಿಸ್ತೂಲುಗಳಿಂದ ಗುಂಡು ಹಾರಿಸುತ್ತಾ ನಡೆಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬಲ್. ಸೈಲೆನ್ಸರ್ ಕಡಿಮೆ ಮಾಡುವುದು 20ರಿಂದ 35 ಡೆಸಿಬಲ್ ಅಷ್ಟೆ. ಉಳಿದ ಸದ್ದೇ ನಿಲ್ದಾಣವನ್ನು ಬೆಚ್ಚಿಬೀಳಿಸಲು ಸಾಕು. ಆದರೆ ಹಂತಕರಿಗೆಂದೇ ಹೋಟೆಲು, ಅವರದೇ ಚಿನ್ನದ ನಾಣ್ಯ ಇರುವ ಕಟ್ಟುಕಥೆಯ ಲೋಕದಲ್ಲಿ ಆ ದೃಶ್ಯ ಒಪ್ಪುತ್ತದೆ. ನನಗೆ ಒಪ್ಪಿಗೆಯಾಗದ್ದು 'ಡೈ ಹಾರ್ಡ್ 2'ರ (1990) ಒಂದು ಮಾತು. 'ಗ್ಲಾಕ್ 7' ಜರ್ಮನಿಯಲ್ಲಿ ತಯಾರಾದ ಪಿಂಗಾಣಿ ಪಿಸ್ತೂಲು, ವಿಮಾನ ನಿಲ್ದಾಣದ ಎಕ್ಸ್‌ರೇಗೆ ಕಾಣುವುದಿಲ್ಲ ಎಂದು ನಾಯಕ ಹೇಳುತ್ತಾನೆ. ಅಂಥ ಪಿಸ್ತೂಲೇ ಇಲ್ಲ. ಗ್ಲಾಕ್ ಆಸ್ಟ್ರಿಯಾದ ಕಂಪನಿ. ಅದರ ಪಿಸ್ತೂಲಿನ ಚೌಕಟ್ಟು ಪಾಲಿಮರ್ ಆದರೂ ನಳಿಕೆ, ಸ್ಲೈಡ್ ಎಲ್ಲ ಉಕ್ಕು, ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ಲಾಸ್ಟಿಕ್ ಬಂದೂಕಿನ ಭಯದಿಂದ ಅಮೆರಿಕ 1988ರಲ್ಲಿ ಕಾನೂನನ್ನೇ ಮಾಡಿತ್ತು. ಎರಡು ವರ್ಷದ ನಂತರ ಅನುಭವಿ ಪೊಲೀಸನ ಬಾಯಲ್ಲಿ ಆ ಭಯವನ್ನು ತಿಳಿವಳಿಕೆಯಂತೆ ಹೇಳಿಸಿದ್ದು ಸರಿಯಲ್ಲ. ಅದೇ ಚಿತ್ರದಲ್ಲಿ ವಾಷಿಂಗ್ಟನ್ ವಿಮಾನ ನಿಲ್ದಾಣದ ದೂರವಾಣಿಗಳ ಮೇಲೆ ಕ್ಯಾಲಿಫೋರ್ನಿಯಾದ ದೂರವಾಣಿ ಕಂಪನಿ ಪೆಸಿಫಿಕ್ ಬೆಲ್‌ನ ಹೆಸರಿದೆ. ಇದನ್ನು ಕ್ಷಮಿಸಬಹುದು, ಚಿತ್ರೀಕರಣ ನಡೆದ ಊರು ಇಣುಕಿದೆ, ಅಷ್ಟೆ.

ನಂಬಲಾಗದಂತೆ ಕಂಡು ನಿಜವಾಗಿರುವುದನ್ನೂ ಗುರುತಿಸಲು ಕಲಿಯಿರಿ. 'ಕೆಜಿಎಫ್ ಚಾಪ್ಟರ್ 2'ರಲ್ಲಿ (2022) ನಾಯಕ ರಾಕಿ ತನ್ನ 'ದೊಡ್ಡಮ್ಮ' ಮೆಷಿನ್ ಗನ್ನಿನ ಕಾದು ಕೆಂಪಾದ ನಳಿಕೆಯಿಂದ ಸಿಗರೇಟು ಹಚ್ಚುತ್ತಾನೆ. ಬಿಡುವಿಲ್ಲದೆ ಗುಂಡು ಹಾರಿಸಿದರೆ ನಳಿಕೆ ಕೆಂಪಾಗುವುದು ನಿಜ. 'ರೋನಿನ್'ನಲ್ಲಿ (1998) ನಟರು ಪ್ಯಾರಿಸಿನ ಬೀದಿಗಳಲ್ಲಿ ಆ ವೇಗದಲ್ಲಿ ಕಾರು ಓಡಿಸುತ್ತಿರುವಂತೆ ಕಾಣುವುದಕ್ಕೆ ಕಾರಣ, ಅವರು ನಿಜವಾಗಿ ಓಡುವ ಕಾರಿನೊಳಗೇ ಕೂತಿದ್ದರು. ನಮ್ಮಲ್ಲಿರುವಂತೆ ಬಲಗಡೆ ಸ್ಟೀರಿಂಗ್ ಇರುವ ಕಾರಿಗೆ ಎಡಗಡೆ ಸುಳ್ಳು ಸ್ಟೀರಿಂಗ್ ಜೋಡಿಸಿ ನಟರನ್ನು ಕೂರಿಸಿದರು. ಓಡಿಸಿದ್ದು ಪಕ್ಕದಲ್ಲಿದ್ದ ಸ್ಟಂಟ್ ಚಾಲಕ. ಅವರ ಮುಖದ ಗಾಬರಿ ಪೂರ್ತಿ ನಟನೆಯಲ್ಲ.

ಅಭ್ಯಾಸಕ್ಕೆ ನಿರ್ದೇಶಕ ಮೈಕಲ್ ಮನ್ ಅವರ 'ಹೀಟ್' (1995) ತೆಗೆದುಕೊಳ್ಳಿ. ಬ್ಯಾಂಕ್ ದರೋಡೆಯ ನಂತರ ಲಾಸ್ ಏಂಜಲೀಸಿನ ನಡುಬೀದಿಯಲ್ಲಿ ನಡೆಯುವ ಗುಂಡಿನ ಕಾಳಗವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ. ಗುಂಡಿನ ಸದ್ದನ್ನು ಆಮೇಲೆ ಸ್ಟುಡಿಯೊದಲ್ಲಿ ಸೇರಿಸದೆ, ಬೀದಿಯಲ್ಲೇ ದಾಖಲಿಸಿದ್ದನ್ನು ಮನ್ ಉಳಿಸಿಕೊಂಡರು. ಕಟ್ಟಡಗಳಿಗೆ ಬಡಿದು ಮರಳುವ ಪ್ರತಿಧ್ವನಿಯೂ ಅದರಲ್ಲಿದೆ. ನಟರಿಗೆ ತರಬೇತಿ ಕೊಟ್ಟವರಲ್ಲಿ ಬ್ರಿಟಿಷ್ ಸೇನೆಯ ವಿಶೇಷ ಪಡೆ ಎಸ್‌ಎಎಸ್‌ನ ಮಾಜಿ ಯೋಧ ಆ್ಯಂಡಿ ಮೆಕ್‌ನ್ಯಾಬ್ ಇದ್ದರು. ಇನ್ನೊಮ್ಮೆ ಕಣ್ಣು ತೆರೆದು ದರೋಡೆಕೋರರಲ್ಲಿ ಒಬ್ಬನಾಗಿ ನಟಿಸಿದ ವಾಲ್ ಕಿಲ್ಮರ್‌ನ ಕೈಗಳನ್ನು ಮಾತ್ರ ನೋಡಿ. ಗುಂಡು ಮುಗಿಯುತ್ತದೆ, ಮ್ಯಾಗಜಿನ್ ಬದಲಾಗುತ್ತದೆ, ಮತ್ತೆ ಹಾರಿಸುತ್ತಾನೆ. ಆಮೇಲೆ ನಿಮ್ಮ ಮೆಚ್ಚಿನ ಯಾವುದಾದರೂ ಚಿತ್ರದಲ್ಲಿ ನಾಯಕ ಮ್ಯಾಗಜಿನ್ ಬದಲಿಸದೆ ಎಷ್ಟು ಗುಂಡು ಹಾರಿಸುತ್ತಾನೆ ಎಂದು ಎಣಿಸಿ, ಆ ಚಿತ್ರಕ್ಕೆ ಆ ಲೆಕ್ಕ ಬೇಕಿತ್ತೇ ಎಂದು ನೀವೇ ತೀರ್ಮಾನಿಸಿ.