ಜನವರಿಯಲ್ಲೇ ಅರಳಿದ ಕಾಫಿ ಹೂ

ಕಾಫಿ ತೋಟಕ್ಕೆ ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಬೇಕಾಗುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ಕೊಡಗಿನಲ್ಲಿ ಕೆಲವು ವರ್ಷ ಜನವರಿಯಲ್ಲೇ ಮಳೆ ಸುರಿದುಬಿಡುತ್ತದೆ. ಒಣಹವೆಗೆ ನಿದ್ದೆಹೋಗಿದ್ದ ಮೊಗ್ಗಿಗೆ ಹದವಾದ ಮಳೆ ಸಿಕ್ಕರೆ ಸಾಕು, ವಾರ-ಹತ್ತು ದಿನದಲ್ಲಿ ರೊಬಸ್ಟಾ ಜಾತಿಯ ಕಾಫಿ ಗಿಡ ಹೂಬಿಟ್ಟು ಬೆಳ್ಳಗಾಗುತ್ತದೆ. ಆಗ ಒಂದು ರೆಂಬೆಯನ್ನು ಹತ್ತಿರ ಎಳೆದು ನೋಡಬೇಕು: ಕೊಯ್ಯದೆ ಉಳಿದ ಕೆಂಪು ಹಣ್ಣಿನ ಗೊಂಚಲು, ಮುಂದಿನ ಗೆಣ್ಣುಗಳಲ್ಲಿ ಒತ್ತೊತ್ತಾಗಿ ಬಿಳಿ ಹೂ, ಮಲ್ಲಿಗೆಯಂಥ ಘಮ. ಈ ವರ್ಷದ ಬೆಳೆ, ಮುಂದಿನ ವರ್ಷದ ಬೆಳೆ ಎರಡೂ ಒಂದೇ ರೆಂಬೆಯಲ್ಲಿ! ಇಷ್ಟು ಚೆಂದದ ನೋಟ ಸಕಾಲದ ಹೂವಿನಲ್ಲೂ ಸಿಗದು. ಬೆಳೆಗಾರನಿಗೆ ಮಾತ್ರ ಸಂಕಟ. ಹಣ್ಣು ಬಿಡಿಸಲು ಹೋದರೆ ಹೂ ಉದುರುತ್ತದೆ. ರೊಬಸ್ಟಾ ಕಾಯಿಕಟ್ಟಲು ಬೇರೆ ಗಿಡದ ಪರಾಗವೇ ಬೇಕು; ಅದನ್ನು ಹೊತ್ತು ತರುವುದು ಗಾಳಿ ಮತ್ತು ಜೇನು. ಆದ್ದರಿಂದ ಹೂವಿರುವಷ್ಟು ದಿನ ಕೊಯ್ಲು ನಿಲ್ಲಿಸಿ, ತೋಟವನ್ನು ಗಾಳಿಗೂ ಜೇನಿಗೂ ಬಿಟ್ಟುಕೊಡಿ.