ಪರದೆ ತೆರೆಯದಿದ್ದರೆ ಬಾಗಿಲನ್ನೇ ಕಿತ್ತಿಡಬೇಕೆ?
ಲಿನಕ್ಸಿನ ಒಂದು ದೋಷಸಂದೇಶ ಮತ್ತು ಅದಕ್ಕೆ ಹೇಳುವ ಒಂದು ಪರಿಹಾರದ ವಿಮರ್ಶೆ

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆ ಹೋಗುವ ರಸ್ತೆಯಲ್ಲಿ, ತುಂಗೆಯ ಮಗ್ಗುಲಿಗಿರುವ ಊರು ನೆಮ್ಮಾರ್. ಅಂಥ ಊರಿನ ಶಾಲೆಯೊಂದರಲ್ಲಿ ನೀವು ವಿಜ್ಞಾನ ಶಿಕ್ಷಕರು ಎಂದುಕೊಳ್ಳಿ. ಶಾಲೆಯಲ್ಲಿ ಒಂದು ಲಿನಕ್ಸ್ ಗಣಕವಿದೆ. ಅದರಲ್ಲಿ ನಿಮಗೊಂದು ಖಾತೆ, ವಿದ್ಯಾರ್ಥಿಗಳಿಗೊಂದು ಖಾತೆ. ನಾಳೆಯ ಪಾಠಕ್ಕೆ ಆಕಾಶದರ್ಶನದ ತಂತ್ರಾಂಶ ಸ್ಟೆಲೇರಿಯಮ್ ಬೇಕು. ವಿದ್ಯಾರ್ಥಿಗಳ ಖಾತೆಯಲ್ಲಿ ಅದು ತೆರೆಯುತ್ತದೆಯೆ ಎಂದು ನೋಡಲು, ನಿಮ್ಮ ಖಾತೆಯಲ್ಲಿದ್ದುಕೊಂಡೇ ಟರ್ಮಿನಲ್ ತೆರೆದು 'ಎಸ್‌ಯು' ಆದೇಶದಿಂದ ಆ ಖಾತೆಗೆ ಬದಲಾಯಿಸುತ್ತೀರಿ. ಸಂಕೇತಪದ ಸರಿಯಾಗಿದೆ, ತಂತ್ರಾಂಶವೂ ಇದೆ. ಆದರೆ ಪರದೆಯ ಮೇಲೆ ನಕ್ಷತ್ರಗಳ ಬದಲು ಎರಡು ಸಾಲು ಬರುತ್ತವೆ: 'ನೋ ಪ್ರೊಟೊಕಾಲ್ ಸ್ಪೆಸಿಫೈಡ್', 'ಕೆನಾಟ್ ಓಪನ್ ಡಿಸ್‌ಪ್ಲೇ'.

ಗೊತ್ತಿದ್ದವರನ್ನು ಕೇಳಿದರೆ ಹತ್ತರಲ್ಲಿ ಹಲವರು ಒಂದೇ ಮದ್ದು ಹೇಳುತ್ತಾರೆ: 'ಎಕ್ಸ್‌ಹೋಸ್ಟ್ ಎಂದು ಬರೆದು, ಒಂದು ಸ್ಥಳ ಬಿಟ್ಟು, ಕೂಡುವ ಚಿಹ್ನೆ ಹಾಕಿ.' ಹಾಕಿದೊಡನೆ ಸ್ಟೆಲೇರಿಯಮ್ ತೆರೆಯುತ್ತದೆ. ಸಮಸ್ಯೆ ಮುಗಿಯಿತು ಎನ್ನಿಸುತ್ತದೆ. ಮುಗಿಯಿತೆ? ಆ ಸಂದೇಶ ನಿಮಗೆ ಏನು ಹೇಳಿತು, ಆ ಮದ್ದು ನಿಮ್ಮ ಗಣಕಕ್ಕೆ ಏನು ಮಾಡಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. (ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು.)

ಪರದೆಗೂ ಒಬ್ಬ ಕಾವಲುಗಾರ

ಲಿನಕ್ಸಿನಲ್ಲಿ ಕಿಟಕಿ, ಗುಂಡಿ, ಚಿತ್ರಗಳನ್ನು ತೋರಿಸುವ ಕೆಲಸ ಕಾರ್ಯಾಚರಣ ವ್ಯವಸ್ಥೆಯ ತಿರುಳಿನದಲ್ಲ. ಬಹುಕಾಲ ಅದನ್ನು ನಡೆಸಿದ್ದು 'ಎಕ್ಸ್ ವಿಂಡೊ ವ್ಯವಸ್ಥೆ' ಎಂಬ ಪ್ರತ್ಯೇಕ ತಂತ್ರಾಂಶ. ಇದು 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಮ್‌ಐಟಿ) ಹುಟ್ಟಿತು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂತು. ಇಂದಿಗೂ 'ಎಕ್ಸ್ 11' ಎನ್ನುವುದು ಅದನ್ನೇ.

ಇದರ ಏರ್ಪಾಡು ಸ್ವಲ್ಪ ವಿಚಿತ್ರ. ಸರ್ವರ್ ಎಂದರೆ ದೂರದಲ್ಲೆಲ್ಲೋ ಇರುವ ದೊಡ್ಡ ಗಣಕ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಹಾಗಲ್ಲ. ಪರದೆ, ಕೀಲಿಮಣೆ, ಮೌಸ್ ಇವುಗಳ ಮೇಲ್ವಿಚಾರಣೆ ನಡೆಸುವ ತಂತ್ರಾಂಶವೇ ಸರ್ವರ್. ಅದು ನಿಮ್ಮ ಮೇಜಿನ ಮೇಲೆಯೇ ಇದೆ. ಸ್ಟೆಲೇರಿಯಮ್‌ನಂಥ ತಂತ್ರಾಂಶಗಳು ಅದರ ಬಳಿ 'ನನಗೊಂದು ಕಿಟಕಿ ಕೊಡು' ಎಂದು ಕೇಳಿಕೊಂಡು ಬರುವ ಗಿರಾಕಿಗಳು, ಅಂದರೆ ಕ್ಲೈಂಟ್‌ಗಳು. ಗಿರಾಕಿ ಅದೇ ಗಣಕದಲ್ಲಿರಬಹುದು, ಜಾಲದ ಮೂಲಕ ಬೇರೊಂದು ಗಣಕದಿಂದಲೂ ಬರಬಹುದು.

ಹೀಗೆ ಬಂದ ಗಿರಾಕಿ ಮೂರು ಹಂತ ದಾಟಬೇಕು. ಮೊದಲನೆಯದು ವಿಳಾಸ: ಯಾವ ಪರದೆ? ಇದು 'ಡಿಸ್‌ಪ್ಲೇ' ಎಂಬ ಚರಾಕ್ಷರದಲ್ಲಿ ಇರುತ್ತದೆ. ಸಾಮಾನ್ಯವಾಗಿ ಅದರ ಬೆಲೆ ':0'. ಎರಡನೆಯದು ದಾರಿ: ಅದೇ ಗಣಕದಲ್ಲಿದ್ದರೆ ಒಂದು ಸಾಕೆಟ್, ಜಾಲದ ಮೂಲಕವಾದರೆ 6000ದಿಂದ ಆರಂಭವಾಗುವ ಟಿಸಿಪಿ ದ್ವಾರಸಂಖ್ಯೆ. ಮೂರನೆಯದು ಗುರುತು: ನೀನು ಬರಬಹುದಾದವನೆ?

ಈ ಗುರುತಿಗೆ ಬಳಸುವುದು 'ಮ್ಯಾಜಿಕ್ ಕುಕಿ' ಎಂಬ 128 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆ. ನೀವು ಗಣಕದೊಳಕ್ಕೆ ಪ್ರವೇಶಿಸಿದಾಗ ಈ ಸಂಖ್ಯೆ ಹೊಸದಾಗಿ ತಯಾರಾಗುತ್ತದೆ. ಒಂದು ಪ್ರತಿ ಸರ್ವರ್ ಬಳಿ, ಇನ್ನೊಂದು ನೀವು ಮಾತ್ರ ಓದಬಹುದಾದ ಕಡತದಲ್ಲಿ. ಆ ಕಡತದ ಸಾಂಪ್ರದಾಯಿಕ ಹೆಸರು ಚುಕ್ಕೆಯಿಂದ ಆರಂಭವಾಗುವ 'ಎಕ್ಸ್‌ಅಥಾರಿಟಿ'. ಕೆಲವು ವ್ಯವಸ್ಥೆಗಳಲ್ಲಿ ಅದು ಬೇರೆ ಕಡತಕೋಶದಲ್ಲಿರುತ್ತದೆ. ಗಿರಾಕಿ ತಂದ ಸಂಖ್ಯೆ ಸರ್ವರಿನ ಸಂಖ್ಯೆಗೆ ಹೊಂದಿದರೆ ಬಾಗಿಲು ತೆರೆಯುತ್ತದೆ. 128 ಬಿಟ್‌ಗಳಲ್ಲಿ ಸಾಧ್ಯವಿರುವ ಸಂಖ್ಯೆಗಳು ಸುಮಾರು 3.4 × 10ರ 38ನೆಯ ಘಾತದಷ್ಟು. ಊಹಿಸಿ ಒಳಬರುವುದು ಆಗದ ಮಾತು.

ಈಗ ನಿಮ್ಮ ಸ್ಟೆಲೇರಿಯಮ್ ಏಕೆ ತೆರೆಯಲಿಲ್ಲ ಎಂಬುದು ಸ್ಪಷ್ಟ. 'ಎಸ್‌ಯು' ಮಾಡಿದಾಗ ವಿಳಾಸ ಜೊತೆಯಲ್ಲಿ ಬಂತು, ದಾರಿಯೂ ಇತ್ತು. ಆದರೆ ಕುಕಿ ಇದ್ದದ್ದು ನಿಮ್ಮ ಕಡತದಲ್ಲಿ. ವಿದ್ಯಾರ್ಥಿಗಳ ಖಾತೆಗೆ ಅದನ್ನು ಓದುವ ಹಕ್ಕಿಲ್ಲ. ಬಾಗಿಲವರೆಗೆ ಬಂದ ಗಿರಾಕಿಯ ಕೈ ಖಾಲಿ. ಸರ್ವರ್ ಮಾಡಿದ್ದು ತಪ್ಪಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಸಂದೇಶದ ದೋಷ

ಹಾಗಾದರೆ ಆ ಎರಡು ಸಾಲುಗಳನ್ನು ಮತ್ತೆ ಓದಿ. 'ನೋ ಪ್ರೊಟೊಕಾಲ್ ಸ್ಪೆಸಿಫೈಡ್' ಎಂದರೆ ಯಾವ ನಿಯಮಾವಳಿಯನ್ನೂ ಸೂಚಿಸಿಲ್ಲ ಎಂದರ್ಥ. ಇದನ್ನು ಓದಿದ ವಿದ್ಯಾರ್ಥಿ ಜಾಲದ ನಿಯಮಾವಳಿಗಳನ್ನು ನೆನೆಸಿಕೊಂಡು ತಂತಿ ಸರಿಯಿದೆಯೆ ಎಂದು ನೋಡಲು ಹೋಗುತ್ತಾನೆ. ಸರ್ವರ್ ಹೇಳಬಯಸಿದ್ದೇ ಬೇರೆ: 'ಗುರುತು ತೋರಿಸುವ ಯಾವ ವಿಧಾನವನ್ನೂ ನೀನು ಹೆಸರಿಸಲಿಲ್ಲ.' ಎರಡನೆಯ ಸಾಲು ಇನ್ನೂ ಬಡವಾದದ್ದು. ವಿಳಾಸ ತಪ್ಪಿದರೂ, ಸರ್ವರೇ ಇಲ್ಲದಿದ್ದರೂ, ಕುಕಿ ಇಲ್ಲದಿದ್ದರೂ 'ಪರದೆಯನ್ನು ತೆರೆಯಲಾಗಲಿಲ್ಲ' ಎಂಬ ಒಂದೇ ಮಾತು. ಜ್ವರ ಎಂದರೆ ಮಲೇರಿಯಾವೋ ಶೀತವೋ ತಿಳಿಯದ ಹಾಗೆ.

ಸಂದೇಶ ಬರೆದವರ ಪರವಾಗಿಯೂ ಒಂದು ಮಾತು ಹೇಳಬೇಕು. ಸರ್ವರಿನ ದೃಷ್ಟಿಯಿಂದ ಆ ವಾಕ್ಯ ಅಕ್ಷರಶಃ ನಿಜ. ಅಪರಿಚಿತನಿಗೆ ಹೆಚ್ಚು ವಿವರ ಹೇಳದಿರುವುದು ಭದ್ರತೆಯ ದೃಷ್ಟಿಯಿಂದ ಜಾಣತನವೂ ಹೌದು. ಆದರೆ ಅದು ತಂತ್ರಾಂಶ ರಚಿಸುವವನಿಗಾಗಿ ಬರೆದ ವಾಕ್ಯ. ಗಣಕದ ಮುಂದೆ ಕುಳಿತ ಶಿಕ್ಷಕಿಗಾಗಿ ಅಲ್ಲ. ಸತ್ಯವಾಗಿರುವುದು ಮತ್ತು ತಿಳಿಯುವಂತಿರುವುದು ಬೇರೆ ಬೇರೆ ಗುಣಗಳು. ದೋಷಸಂದೇಶಕ್ಕೆ ಎರಡೂ ಬೇಕು.

ಮದ್ದಿನ ದೋಷ

ಇನ್ನು ಆ ಕೂಡುವ ಚಿಹ್ನೆಯ ಮದ್ದು. ಅದು ನಿಮ್ಮ ವಿದ್ಯಾರ್ಥಿಗಳ ಖಾತೆಗೆ ಕೀಲಿ ಕೊಡಲಿಲ್ಲ. ಕಾವಲುಗಾರನನ್ನೇ ಮನೆಗೆ ಕಳುಹಿಸಿತು. ಅಂದಿನಿಂದ ಆ ಸರ್ವರ್ ನಿಲ್ಲುವವರೆಗೆ, ಅದನ್ನು ತಲುಪಬಲ್ಲ ಯಾವ ಗಿರಾಕಿಯನ್ನೂ ಅದು ಯಾರೆಂದು ಕೇಳುವುದಿಲ್ಲ.

'ಕಿಟಕಿ ತೆರೆದುಕೊಂಡರೆ ಏನಾಯಿತು?' ಎನ್ನಬಹುದು. ಎಕ್ಸ್ 11ರಲ್ಲಿ ಒಳಬಂದ ಗಿರಾಕಿಗೆ ಸಿಗುವುದು ಒಂದು ಕಿಟಕಿ ಮಾತ್ರವಲ್ಲ. ಅವನು ಇಡೀ ಪರದೆಯ ಚಿತ್ರ ತೆಗೆಯಬಹುದು. ಬೇರೆ ಕಿಟಕಿಗಳಲ್ಲಿ ಒತ್ತಿದ ಕೀಲಿಗಳನ್ನು ತಿಳಿಯಬಹುದು. ತಾನೇ ಕೀಲಿ ಒತ್ತಿದಂತೆ ನಟಿಸಲೂಬಹುದು. ಇದನ್ನು ನಂಬಬೇಡಿ, ಮಾಡಿ ನೋಡಿ. ಎಕ್ಸ್ 11 ನಡೆಯುತ್ತಿರುವ ನಿಮ್ಮದೇ ಗಣಕದಲ್ಲಿ 'ಎಕ್ಸ್‌ಇನ್‌ಪುಟ್ ಲಿಸ್ಟ್' ಎಂಬ ಆದೇಶ ಕೊಟ್ಟರೆ ಕೀಲಿಮಣೆಯ ಕ್ರಮಸಂಖ್ಯೆ ಸಿಗುತ್ತದೆ. 'ಎಕ್ಸ್‌ಇನ್‌ಪುಟ್ ಟೆಸ್ಟ್' ಎಂದು ಬರೆದು ಮುಂದೆ ಆ ಸಂಖ್ಯೆ ಕೊಡಿ. ಈಗ ಬೇರೊಂದು ಕಿಟಕಿಗೆ ಹೋಗಿ ನಾಲ್ಕು ಅಕ್ಷರ ಒತ್ತಿ. ಒತ್ತಿದ ಪ್ರತಿಯೊಂದು ಕೀಲಿಯ ಸಂಖ್ಯೆಯೂ ಮೊದಲಿನ ಕಿಟಕಿಯಲ್ಲಿ ಮೂಡುತ್ತದೆ. ಅಲ್ಲಿ ನೀವು ಒತ್ತಿದ್ದು ಅಂಕಪಟ್ಟಿಯ ಸಂಕೇತಪದವಾಗಿದ್ದರೆ?

ಅಪಾಯವನ್ನು ಉತ್ಪ್ರೇಕ್ಷಿಸಬಾರದು. 2015ರಲ್ಲಿ ಬಂದ ಎಕ್ಸ್‌ಆರ್ಗ್ ಸರ್ವರ್ 1.17ರಿಂದ, ಹೇಳದ ಹೊರತು ಅದು ಜಾಲದ ಟಿಸಿಪಿ ದ್ವಾರವನ್ನು ತೆರೆದಿಡುವುದಿಲ್ಲ. ಹಲವು ವಿತರಣೆಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಹೀಗಾಗಿ ಊರಾಚೆಯವರು ನುಗ್ಗುವ ಸಂಭವ ಕಡಿಮೆ. ಉಳಿದದ್ದು ಅದೇ ಗಣಕದ ಇತರ ಖಾತೆಗಳಿಂದ ಬರುವ ಅಪಾಯ. ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುವ ಶಾಲೆಯಲ್ಲಿ ಅದೇ ದೊಡ್ಡದು. ಇನ್ನು ಆ ಆದೇಶವನ್ನು 'ಪ್ರತಿದಿನ ಹೊಡೆಯುವುದೇಕೆ' ಎಂದು ಆರಂಭದ ಕಡತದಲ್ಲಿ ಬರೆದಿಟ್ಟರೆ ಕಾವಲುಗಾರ ಶಾಶ್ವತವಾಗಿ ರಜೆಯ ಮೇಲೆ ಹೋದ ಹಾಗೆ.

ಬೇಕಾದಷ್ಟೇ ಅನುಮತಿ ಕೊಡುವ ವಿಧಾನವೂ ಅದೇ ಆದೇಶದಲ್ಲಿದೆ. ಕೂಡುವ ಚಿಹ್ನೆಯ ಬೆನ್ನಿಗೇ, ಸ್ಥಳ ಬಿಡದೆ, 'ಎಸ್‌ಐ:ಲೋಕಲ್‌ಯೂಸರ್:' ಎಂದು ಬರೆದು ಆ ಖಾತೆಯ ಹೆಸರು ಕೊಟ್ಟರೆ, ಅದೇ ಗಣಕದ ಆ ಒಂದು ಖಾತೆಗೆ ಮಾತ್ರ ಬಾಗಿಲು ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಕೂಡುವ ಚಿಹ್ನೆಯ ಬದಲು ಕಳೆಯುವ ಚಿಹ್ನೆ ಹಾಕಿ ಹಿಂತೆಗೆದುಕೊಳ್ಳಬಹುದು. ಅದಕ್ಕಿಂತ ಸರಳವಾದದ್ದು, ನಿಮ್ಮ ಖಾತೆಯಿಂದ ಹೊರಬಂದು ವಿದ್ಯಾರ್ಥಿಗಳ ಖಾತೆಯಿಂದಲೇ ಒಳಹೋಗಿ ನೋಡುವುದು.

ರೋಗ ಪತ್ತೆಯ ಕ್ರಮ

ಸಂದೇಶ ಒಂದೇ ಆದರೂ ಕಾರಣ ಹಲವು. ಈ ಕ್ರಮದಲ್ಲಿ ನೋಡಿ.

1. 'ಎಕೋ' ಎಂದು ಬರೆದು, ಸ್ಥಳ ಬಿಟ್ಟು, ಡಾಲರ್ ಚಿಹ್ನೆಗೆ ಅಂಟಿಸಿ ದೊಡ್ಡಕ್ಷರಗಳಲ್ಲಿ ಡಿಸ್‌ಪ್ಲೇ ಎಂದು ಬರೆಯಿರಿ. ಉತ್ತರ ಖಾಲಿಯಾದರೆ ದೋಷ ಅನುಮತಿಯದಲ್ಲ, ವಿಳಾಸದ್ದು. ಎಸ್‌ಎಸ್‌ಎಚ್ ಮೂಲಕ ಬೇರೆ ಗಣಕಕ್ಕೆ ಹೋಗಿದ್ದರೆ ದೊಡ್ಡಕ್ಷರದ ಎಕ್ಸ್ ಆಯ್ಕೆಯೊಂದಿಗೆ ಮತ್ತೆ ಹೋಗಿ. ವಿಳಾಸವನ್ನೂ ಗುರುತನ್ನೂ ಎಸ್‌ಎಸ್‌ಎಚ್ ತಾನೇ ಏರ್ಪಡಿಸುತ್ತದೆ.

2. 'ಐಡಿ' ಆದೇಶದಿಂದ ಈಗ ಯಾವ ಖಾತೆಯಲ್ಲಿದ್ದೀರಿ ನೋಡಿ. ಪರದೆಯ ಒಡೆತನ ಒಬ್ಬರದು, ಟರ್ಮಿನಲ್ಲಿನಲ್ಲಿರುವವರು ಇನ್ನೊಬ್ಬರು ಆಗಿದ್ದರೆ ಮೇಲಿನ ಕಥೆಯೇ.

3. ಎಕ್ಸ್‌ಅಥಾರಿಟಿ ಕಡತದ ಒಡೆಯ ಯಾರೆಂದು 'ಎಲ್‌ಎಸ್' ಆದೇಶದ ಉದ್ದನೆಯ ಪಟ್ಟಿಯಲ್ಲಿ ನೋಡಿ. ಹಿಂದೊಮ್ಮೆ ರೂಟ್ ಅಧಿಕಾರದಿಂದ ಚಿತ್ರಾತ್ಮಕ ತಂತ್ರಾಂಶ ನಡೆಸಿದ್ದರೆ ಆ ಕಡತ ರೂಟ್‌ನ ಸೊತ್ತಾಗಿರಬಹುದು. ಆಗ ಸಂಕೇತಪದ ಸರಿಯಿದ್ದರೂ ಪರದೆ ಮತ್ತೆ ಮತ್ತೆ ಪ್ರವೇಶದ ಪುಟಕ್ಕೇ ಬರುತ್ತದೆ. ಒಡೆತನವನ್ನು 'ಸಿಎಚ್‌ಓನ್' ಆದೇಶದಿಂದ ಹಿಂದಿರುಗಿಸಿ. ಎಲ್ಲರಿಗೂ ಎಲ್ಲ ಹಕ್ಕು ಕೊಡುವ 777 ಎಂಬ ಸಂಖ್ಯೆಯನ್ನು ಬಳಸಬೇಡಿ; ಅದು ಕೂಡುವ ಚಿಹ್ನೆಯ ತಮ್ಮ.

4. ಅದೇ ಪಟ್ಟಿಯಲ್ಲಿ ಆ ಕಡತದ ಹೆಸರಿಗೆ ಅಡ್ಡಗೆರೆ ಮತ್ತು 'ಸಿ' ಅಥವಾ 'ಎಲ್' ಅಕ್ಷರ ಸೇರಿದ ಎರಡು ಕಡತಗಳು ಕಾಣುತ್ತವೆಯೆ? ಅವು ಬೀಗಗಳು. ಕುಕಿಯನ್ನು ಬರೆಯುವಾಗ ಮೂಡಿ, ಬರೆದಾದ ಮೇಲೆ ಅಳಿಯಬೇಕಾದವು. ಆ ಕ್ಷಣದಲ್ಲೇ ಕರೆಂಟು ಹೋದರೆ ಅಲ್ಲೇ ಉಳಿಯುತ್ತವೆ. ಮಳೆಗಾಲದ ಮಲೆನಾಡಿನಲ್ಲಿ ಇದನ್ನು ಮೊದಲೇ ನೋಡುವುದು ಒಳ್ಳೆಯದು. ಬೇರಾವ ಕೆಲಸವೂ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಆ ಎರಡನ್ನು ಮಾತ್ರ ಅಳಿಸಿ.

5. 'ಡಿಎಫ್' ಆದೇಶದಿಂದ ಡಿಸ್ಕಿನಲ್ಲಿ ಜಾಗ ಇದೆಯೆ ನೋಡಿ. ಡಿಸ್ಕ್ ತುಂಬಿದ್ದರೆ ಹೊಸ ಕುಕಿಯನ್ನು ಬರೆಯಲು ಸ್ಥಳವೇ ಇರುವುದಿಲ್ಲ.

6. ಇದೇ ಅಧಿವೇಶನದಲ್ಲಿ ಗಣಕದ ಹೆಸರನ್ನು ಬದಲಿಸಿದಿರಾ? ಕುಕಿಯನ್ನು ಗಣಕದ ಹೆಸರಿನ ಜೊತೆ ಬರೆದಿಟ್ಟಿರುವುದರಿಂದ ಹೊಸ ಹೆಸರಿನಲ್ಲಿ ಹುಡುಕಿದರೆ ಸಿಗದಿರಬಹುದು. ಹೊರಬಂದು ಮತ್ತೆ ಪ್ರವೇಶಿಸಿ.

ಈ ಆರರಲ್ಲಿ ಯಾವುದಕ್ಕೂ ಕಾವಲುಗಾರನನ್ನು ಕಳುಹಿಸುವುದು ಸರಿಯಾದ ಉತ್ತರವಲ್ಲ. ಕೆಲವಕ್ಕೆ ಅದು ಉತ್ತರವೇ ಅಲ್ಲ.

ವಿನ್ಯಾಸದ ಮಿತಿ

ಮೂಲ ಕೊರತೆ ಎಕ್ಸ್ 11ರ ವಿನ್ಯಾಸದಲ್ಲೇ ಇದೆ. ಅದರ ಕಾವಲು ಹೆಬ್ಬಾಗಿಲಿನಲ್ಲಿ ಮಾತ್ರ. ಒಳಗಿನ ಕೋಣೆಗಳಿಗೆ ಕದವಿಲ್ಲ. ಒಬ್ಬರನ್ನೊಬ್ಬರು ನಂಬುವ ವಿಶ್ವವಿದ್ಯಾಲಯದ ವಾತಾವರಣದಲ್ಲಿ, 1980ರ ದಶಕದಲ್ಲಿ ಅದು ಸಾಕೆನಿಸಿರಬೇಕು. 2008ರಲ್ಲಿ ಆರಂಭವಾದ 'ವೇಲ್ಯಾಂಡ್' ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಅದರಲ್ಲಿ ಒಂದು ತಂತ್ರಾಂಶ ಇನ್ನೊಂದರ ಕೀಲಿಗಳನ್ನೂ ಕಿಟಕಿಯನ್ನೂ ನೋಡಲಾರದು. 2016ರ ಫೆಡೋರಾ 25ರಲ್ಲಿ ಅದು ಪೂರ್ವನಿಯೋಜಿತವಾಗಿ ಬಂದಾಗ, ರೂಟ್ ಅಧಿಕಾರದಲ್ಲಿ ನಡೆಯುತ್ತಿದ್ದ ಡಿಸ್ಕ್ ವಿಭಜನೆಯ ಜಿಪಾರ್ಟೆಡ್‌ನಂಥ ತಂತ್ರಾಂಶಗಳು ತೆರೆಯದೆ ಹಲವರು ಗೊಣಗಿದರು. ಗೊಣಗಾಟಕ್ಕೆ ಕಾರಣವಿತ್ತು. ಆದರೆ ಇಡೀ ಚಿತ್ರಾತ್ಮಕ ತಂತ್ರಾಂಶವನ್ನು ರೂಟ್ ಅಧಿಕಾರದಲ್ಲಿ ನಡೆಸುವುದೇ ತಪ್ಪು ಅಭ್ಯಾಸ, ಅಧಿಕಾರ ಬೇಕಾದ ಸಣ್ಣ ಭಾಗಕ್ಕೆ ಮಾತ್ರ ಅದನ್ನು ಕೊಡಬೇಕು ಎಂಬ ವಾದದಲ್ಲಿ ಹುರುಳಿದೆ.

ಶಾಲೆಗೆ ಸಂಬಂಧಿಸಿದ್ದು

ಇದು ಕೆಲವರ ಹವ್ಯಾಸದ ವಿಷಯವಲ್ಲ. ಗಡಿಯಾಚೆ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಅದು ಶಾಲೆಗಳಿಗಾಗಿ ಉಬುಂಟು ಆಧಾರಿತ ಗ್ನು/ಲಿನಕ್ಸನ್ನು ರೂಪಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಮಾಹಿತಿ ತಂತ್ರಜ್ಞಾನವನ್ನು ಕನ್ನಡದ ಪಠ್ಯದಲ್ಲಿ ಓದಿ ಲಿನಕ್ಸ್ ಗಣಕದ ಮೇಲೆ ಅಭ್ಯಾಸ ಮಾಡುತ್ತಾರೆ. ಪಾಠ ಕನ್ನಡದಲ್ಲಿ, ಎಕ್ಸ್ ಸರ್ವರಿನ ತಕರಾರು ಮಾತ್ರ ಇಂಗ್ಲಿಷಿನಲ್ಲಿ. ಆ ಸಂದೇಶ ಕನ್ನಡದಲ್ಲಿ ಹೇಗಿರಬೇಕು? ಪದಕ್ಕೆ ಪದ ಇಟ್ಟು 'ಯಾವುದೇ ಶಿಷ್ಟಾಚಾರ ಸೂಚಿತವಾಗಿಲ್ಲ' ಎಂದರೆ ಇಂಗ್ಲಿಷೇ ವಾಸಿ. 'ಈ ಪರದೆ ಇನ್ನೊಬ್ಬ ಬಳಕೆದಾರರದು. ಅದನ್ನು ಬಳಸುವ ಗುರುತು ಈ ಖಾತೆಯಲ್ಲಿ ಸಿಗಲಿಲ್ಲ' ಎಂದರೆ ಎಂಟನೆಯ ತರಗತಿಯ ಹುಡುಗಿಗೂ ಮುಂದೇನು ನೋಡಬೇಕೆಂದು ಹೊಳೆಯುತ್ತದೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಪ್ರಯೋಗಾಲಯದಲ್ಲಿ ಅಮ್ಮೀಟರಿನ ಮುಳ್ಳು ಕದಲದಿದ್ದರೆ ಕೋಶ, ತಂತಿ, ಸಂಧಿ ಎಂದು ಒಂದೊಂದಾಗಿ ಪರೀಕ್ಷಿಸಲು ಕಲಿಸುತ್ತೇವೆ; ಮುಳ್ಳನ್ನು ಬೆರಳಿನಿಂದ ತಳ್ಳಿ ಅಂಕ ಬರೆದುಕೊಳ್ಳಲು ಹೇಳುವುದಿಲ್ಲ. ಗಣಕದ ಮುಂದೆ ಕುಳಿತಾಗ ಮಾತ್ರ ಅರ್ಥ ತಿಳಿಯದ ಆದೇಶವನ್ನು ಮಂತ್ರದಂತೆ ಹೊಡೆದು 'ಕೆಲಸ ಮಾಡಿತು' ಎಂದು ಸಮಾಧಾನಪಡುತ್ತೇವೆ. ಮುಂದಿನ ಸಲ ಪರದೆ ತೆರೆಯದಿದ್ದಾಗ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮೊದಲ ಪ್ರಶ್ನೆಯಿಂದ ಆರಂಭಿಸಿ: ವಿಳಾಸವೆ, ದಾರಿಯೆ, ಗುರುತೆ? ಅಂದಿನ ತರಗತಿಯಲ್ಲಿ ನಕ್ಷತ್ರಗಳು ಹತ್ತು ನಿಮಿಷ ತಡವಾಗಿ ಕಾಣಿಸಿದರೂ ನಷ್ಟವಿಲ್ಲ.