ಮಹನೀಯರ ಮಾಲೆಯಾಚೆ: ಕನ್ನಡದ ಮಕ್ಕಳಿಗೆ ನಾವು ಬರೆದ ಇತಿಹಾಸ

ಬನ್ನಿಮಂಟಪದ ಸುತ್ತಮುತ್ತ ಬೆಳೆಯುವ ಮಗುವಿನ ಬಾಗಿಲಿಗೆ ಇತಿಹಾಸ ವರ್ಷಕ್ಕೊಮ್ಮೆ ತಾನಾಗಿಯೇ ಬರುತ್ತದೆ. ವಿಜಯದಶಮಿಯ ದಿನ ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು ಐದು ಕಿಲೋಮೀಟರ್ ನಡೆದು ಇಲ್ಲಿಗೆ ಬಂದು ಮುಟ್ಟುತ್ತದೆ. ರಾತ್ರಿ ಮೈದಾನದಲ್ಲಿ ಪಂಜಿನ ಕವಾಯತು. ಅಪ್ಪನ ಹೆಗಲೇರಿ ನೋಡುವ ಮಗು ಸುಮ್ಮನಿರುವುದಿಲ್ಲ. ಪಾಂಡವರು ಆಯುಧ ಬಚ್ಚಿಟ್ಟ ಬನ್ನಿಮರ ಇದೇನಾ? ರಾಜರು ಈಗ್ಯಾಕೆ ಅಂಬಾರಿಯಲ್ಲಿ ಕೂರಲ್ಲ? ಆನೆ ಜೊತೆ ಬಂದಿರೋ ಹುಡುಗ ಸ್ಕೂಲಿಗೆ ಹೋಗಲ್ವಾ? ಮೊದಲನೆಯದು ಪುರಾಣಕ್ಕೂ ಚರಿತ್ರೆಗೂ ನಡುವಿನ ಗೆರೆಯನ್ನು ಕೇಳುತ್ತದೆ, ಎರಡನೆಯದು ರಾಜ್ಯಾಧಿಕಾರದ ಪಲ್ಲಟವನ್ನು, ಮೂರನೆಯದು ಮೆರವಣಿಗೆಯನ್ನು ಹೊತ್ತು ನಡೆಸುವ ಜನರ ಬದುಕನ್ನು. ಈ ಮೂರಕ್ಕೂ ಉತ್ತರ ಹುಡುಕಿ ಮೈಸೂರಿನ ಪುಸ್ತಕದಂಗಡಿಗಳ ಮಕ್ಕಳ ಕಪಾಟಿನ ಮುಂದೆ ನಿಂತರೆ ಕೈಗೆ ಸಿಗುವುದು ಹೆಚ್ಚಾಗಿ ಮಹನೀಯರ ಚರಿತ್ರೆಗಳು. ಅವು ಕೆಟ್ಟ ಪುಸ್ತಕಗಳೆಂದು ನಾನು ಹೇಳುತ್ತಿಲ್ಲ. ನಾವೆಲ್ಲ ಓದಿ ಬೆಳೆದದ್ದು ಅವನ್ನೇ. ಆದರೆ ಒಂದು ಭಾಷೆ ತನ್ನ ಮಕ್ಕಳಿಗೆ ಗತಕಾಲವನ್ನು ಹೇಳಲು ಒಂದೇ ಅಚ್ಚನ್ನು ಇಷ್ಟು ಕಾಲ ನೆಚ್ಚಿಕೊಂಡದ್ದೇಕೆ ಎಂದು ಕೇಳಲೇಬೇಕಾಗಿದೆ.

ಈ ಅಚ್ಚು ತಯಾರಾದ ಕಾಲವೇ ಅಂಥದ್ದು. ಕನ್ನಡ ಮಾತಾಡುವವರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, 1917ರಲ್ಲಿ, ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ಗಳಗನಾಥರ ಕಾದಂಬರಿಗಳು ಉತ್ತರ ಕರ್ನಾಟಕದ ಮನೆಮನೆಯಲ್ಲಿ ವಿಜಯನಗರವನ್ನು ಮತ್ತೆ ಕಟ್ಟಿದವು. ನಾಡು ಕಳೆದುಕೊಂಡ ಆತ್ಮವಿಶ್ವಾಸವನ್ನು ಮರಳಿ ಪಡೆಯಲು ವೀರರು ಬೇಕಿದ್ದರು, ಬರಹಗಾರರು ವೀರರನ್ನು ಕೊಟ್ಟರು. ಮೈಸೂರಿನವರೇ ಆದ ದೇವುಡು ನರಸಿಂಹಶಾಸ್ತ್ರಿಗಳ ‘ಮಯೂರ’ ಕದಂಬರ ಹುಡುಗನನ್ನು ನಮ್ಮ ಕಣ್ಣೆದುರು ನಿಲ್ಲಿಸಿತು. 1975ರಲ್ಲಿ ಅದು ಸಿನಿಮಾ ಆದ ಮೇಲೆ ಮಯೂರನೆಂದರೆ ರಾಜಕುಮಾರ್ ಮುಖವೇ. ಅದಕ್ಕೂ ಮುಂಚೆ 1960ರಲ್ಲಿ ‘ರಣಧೀರ ಕಂಠೀರವ’, 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ‘ಶ್ರೀ ಕೃಷ್ಣದೇವರಾಯ’ ಬಂದಿದ್ದವು. ಹಳೆಯ ಕಾಲದವರು ಹೇಗೆ ಮಾತಾಡುತ್ತಿದ್ದರು ಎಂಬ ಕಲ್ಪನೆಯನ್ನು ಕನ್ನಡದ ಮಗುವಿಗೆ ಕೊಟ್ಟದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಕಂಪನಿ ನಾಟಕ ಮತ್ತು ಸಿನಿಮಾ. ಮಕ್ಕಳ ಐತಿಹಾಸಿಕ ಕತೆಗಳಲ್ಲಿ ಇಂದಿಗೂ ಅರಸನ ಅಡುಗೆಯವನೂ ದರ್ಬಾರಿನ ಕನ್ನಡದಲ್ಲೇ ಮಾತಾಡುತ್ತಾನೆ. ಊಟಕ್ಕೆ ಏಳಿ ಎಂದು ತಾಯಿ ಮಗನಿಗೆ ಹೇಳುವಾಗಲೂ ಅಲ್ಲಿ ಪರದೆ ಏಳುತ್ತದೆ. ಮಗು ಅದನ್ನು ಓದುತ್ತದೆ, ಮೆಚ್ಚುತ್ತದೆ, ಆದರೆ ಆ ಜನರ ಮನೆಯೊಳಗೆ ಕಾಲಿಡಲು ಅದಕ್ಕೆ ಆಗುವುದಿಲ್ಲ.

ಈ ಪರಂಪರೆಯ ಶಿಖರ ‘ಭಾರತ-ಭಾರತಿ ಪುಸ್ತಕ ಸಂಪದ’. 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಹೊರತಂದ ಈ ಮಾಲೆಗೆ ಸಂಪಾದಕರು ಎಲ್.ಎಸ್. ಶೇಷಗಿರಿ ರಾವ್. ಐನೂರಕ್ಕೂ ಹೆಚ್ಚು ಪುಸ್ತಿಕೆಗಳು, ಒಂದೊಂದೂ ಅಂಗೈಯಗಲ, ಕೂತಲ್ಲೇ ಮುಗಿಸಬಹುದಾದಷ್ಟು. ವಿದ್ವಾಂಸರೊಬ್ಬರು ತಮ್ಮ ಪ್ರೌಢ ವಿಮರ್ಶೆಯ ಕೆಲಸದ ನಡುವೆ ಮಕ್ಕಳಿಗಾಗಿ ಇಷ್ಟು ಪುಟಗಳನ್ನು ತಿದ್ದಿದರು ಎಂಬುದು ಕನ್ನಡ ಪ್ರಕಾಶನದ ದೊಡ್ಡ ಸಾಹಸಗಳಲ್ಲಿ ಒಂದು. ಬೇರಾವ ಗ್ರಂಥಾಲಯವೂ ಇಲ್ಲದ ಹಳ್ಳಿಶಾಲೆಯ ಬೀರುವಿನಲ್ಲೂ ಈ ಪುಸ್ತಿಕೆಗಳ ಒಂದು ಕಟ್ಟು ಇರುತ್ತಿತ್ತು. ಸರಳ ವಾಕ್ಯ, ಶುದ್ಧ ಗದ್ಯ, ಕಡಿಮೆ ಬೆಲೆ. ಅರಸರು, ಸಂತರು, ಹೋರಾಟಗಾರರ ಜೊತೆಗೆ ವಿಜ್ಞಾನಿಗಳು, ಕಲಾವಿದರು, ಕವಿಗಳು ಕೂಡ ಅಲ್ಲಿದ್ದರು.

ಆದರೆ ಹತ್ತಿಪ್ಪತ್ತನ್ನು ಒಟ್ಟಿಗೆ ಓದಿದವರಿಗೆ ಅವುಗಳ ಜಾಡು ಕಾಣುತ್ತದೆ. ಬಡತನದಲ್ಲೋ ಸಿರಿತನದಲ್ಲೋ ಹುಟ್ಟು, ಎಳೆಯದರಲ್ಲೇ ಅಸಾಧಾರಣ ಗುಣದ ಒಂದು ಪ್ರಸಂಗ, ತಾಯಿಯ ಅಥವಾ ಗುರುವಿನ ಮಾತು, ಕಷ್ಟಪರಂಪರೆ, ಸಾಧನೆ, ನಿಧನ, ಕೊನೆಗೆ ನಾಡಿಗೆ ಅವರ ಕೊಡುಗೆ. ಆ ವ್ಯಕ್ತಿ ಎಂದೂ ಗೊಂದಲಕ್ಕೆ ಬೀಳುವುದಿಲ್ಲ. ಆತನನ್ನು ವಿರೋಧಿಸಿದವರಿಗೆ ತಕ್ಕ ಕಾರಣ ಇರಬಹುದೆಂಬ ಸುಳಿವೂ ಸಿಗುವುದಿಲ್ಲ. ಪರಿಷತ್ತಿಗಿರುವ ರಾಷ್ಟ್ರೀಯ ಸ್ವಯಂಸೇವಕ ಸಂಘದ ಒಲವಿನಿಂದಾಗಿ ಹೀಗಾಯಿತು ಎಂದು ಕೆಲವರು ಹೇಳುತ್ತಾರೆ. ಯಾರನ್ನು ಆರಿಸಿಕೊಳ್ಳಬೇಕು, ಯಾವ ಮಾತಿಗೆ ಒತ್ತು ಕೊಡಬೇಕು ಎಂಬಲ್ಲಿ ಆ ಒಲವು ಕೆಲಸ ಮಾಡಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಅಚ್ಚಿನ ವಿಷಯ ಬೇರೆ. ಎಡಪಂಥದ ಪ್ರಕಾಶಕರ ಮಕ್ಕಳ ಪುಸ್ತಕಗಳನ್ನು, ಸರ್ಕಾರಿ ಸಂಸ್ಥೆಗಳ ವ್ಯಕ್ತಿಪರಿಚಯಗಳನ್ನು ಪಕ್ಕದಲ್ಲಿಟ್ಟು ನೋಡಿ. ಹೆಸರು ಬದಲಾಗುತ್ತದೆ, ಬಾವುಟದ ಬಣ್ಣ ಬದಲಾಗುತ್ತದೆ, ಜಾಡು ಬದಲಾಗುವುದಿಲ್ಲ. ಓದುವ ಮಗು ಕೈಮುಗಿಯಬೇಕು, ಅಷ್ಟೇ ಅದರಿಂದ ನಿರೀಕ್ಷೆ.

ಚಿತ್ರಕಥೆಗಳ ಮಾತು ಬಂದರೆ ಕನ್ನಡಿಗರು ಮರೆತ ಒಂದು ಸಂಗತಿಯನ್ನು ಹೇಳಬೇಕು. ಅಮರ ಚಿತ್ರ ಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ. 1960ರ ದಶಕದ ನಡುವೆ ಬೆಂಗಳೂರಿನಲ್ಲಿ ಐಬಿಎಚ್‌ನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಬಂದ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಾಲ್ಪನಿಕ ಕತೆಗಳ ಕನ್ನಡ ರೂಪಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾದದ್ದು ಅದಕ್ಕೇ. ಆಮೇಲೆ ಆ ಮಾಲೆ ದೇಶದ ಮಕ್ಕಳಿಗೆ ಪುರಾಣವನ್ನೂ ಚರಿತ್ರೆಯನ್ನೂ ಒಂದೇ ಬಣ್ಣದಲ್ಲಿ ಬರೆದುಕೊಟ್ಟಿತು. ಭೀಮನೂ ಶಿವಾಜಿಯೂ ಒಂದೇ ಚೌಕಟ್ಟಿನಲ್ಲಿ ನಿಂತರು. ಇವನ ಬಗ್ಗೆ ನಮಗೆ ತಿಳಿದದ್ದು ಶಾಸನದಿಂದ, ಅವನ ಬಗ್ಗೆ ತಿಳಿದದ್ದು ಕಾವ್ಯದಿಂದ ಎಂಬ ವ್ಯತ್ಯಾಸ ಅಲ್ಲಿ ಅಳಿಸಿಹೋಯಿತು. ಬನ್ನಿಮರದ ಬಗ್ಗೆ ಮಗು ಕೇಳಿದ ಪ್ರಶ್ನೆಗೆ ಉತ್ತರವಿಲ್ಲದಂತಾದದ್ದು ಇಲ್ಲೇ. ಪಾಂಡವರ ಕತೆ ಮಹಾಭಾರತದ್ದು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡು ಅಲ್ಲಿ ದಸರಾ ನಡೆಸಿದ್ದು ಚರಿತ್ರೆಯದ್ದು. ಅರಸರು ಆ ಹಳೆಯ ಕತೆಯನ್ನು ತಮ್ಮ ಆಚರಣೆಗೆ ಏಕೆ ತಂದುಕೊಂಡರು ಎಂಬುದು ಎರಡಕ್ಕಿಂತಲೂ ಸ್ವಾರಸ್ಯದ ಕತೆ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುವುದಿಲ್ಲ ಎನ್ನುವವರು ಹತ್ತು ವರ್ಷದ ಮಕ್ಕಳ ಜೊತೆ ಮಾತಾಡಿಲ್ಲ.

ತಲಕಾಡಿನ ಉದಾಹರಣೆಯನ್ನೇ ನೋಡಿ. ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪ ಮೈಸೂರಿನ ಯಾವ ಮಗುವಿಗೆ ಗೊತ್ತಿಲ್ಲ? ಅದೇ ತಲಕಾಡಿನಲ್ಲಿ ಕಾವೇರಿಯ ತಿರುವು, ಮಾಧವಮಂತ್ರಿಯ ಅಣೆಕಟ್ಟು, ಬತ್ತಿದ ಪಾತ್ರದಿಂದ ಗಾಳಿ ಹೊತ್ತು ತಂದ ಮರಳು, ಇವನ್ನೆಲ್ಲ ಭೂವಿಜ್ಞಾನಿಗಳು ಅಭ್ಯಾಸ ಮಾಡಿದ್ದಾರೆ. ಶಾಪದ ಕತೆಯನ್ನು ಅದರ ದುಃಖದೊಡನೆ ಪೂರ್ತಿ ಹೇಳಿ, ಆಮೇಲೆ ಮರಳಿನ ಕತೆಯನ್ನೂ ಪೂರ್ತಿ ಹೇಳಿ, ಒಂದು ಹೆಂಗಸಿನ ಶಾಪವನ್ನು ಜನ ನಾನೂರು ವರ್ಷ ಏಕೆ ನೆನಪಿಟ್ಟುಕೊಂಡರು ಎಂದು ಕೇಳುವ ಪುಸ್ತಕವೊಂದು ಮಕ್ಕಳಿಗೆ ಬೇಕು. ಜವಾಹರಲಾಲ್ ನೆಹರೂ 1928ರಲ್ಲಿ ಹತ್ತು ವರ್ಷದ ಮಗಳಿಗೆ ಬರೆದ ಕಾಗದಗಳಲ್ಲಿ ಒಂದು ಬೆಣಚುಕಲ್ಲನ್ನು ಓದುವುದು ಹೇಗೆಂದು ತೋರಿಸಿದ್ದರು. ತೀರ್ಮಾನಕ್ಕಿಂತ ಮೊದಲು ಆಧಾರವನ್ನು ಮಗುವಿನ ಕೈಗೆ ಕೊಡುವ ಆ ದಾರಿಯಲ್ಲಿ ನಡೆದವರು ನಮ್ಮಲ್ಲಿ ಕಡಿಮೆ.

ಇಲ್ಲವೇ ಇಲ್ಲ ಎಂದರೆ ಅನ್ಯಾಯವಾದೀತು. ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. 1970ರ ದಶಕದಲ್ಲಿ ನಿರಂಜನರು ಪ್ರಧಾನ ಸಂಪಾದಕರಾಗಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಕಿರಿಯರ ವಿಶ್ವಕೋಶ ಬಂತು. ಅರಸರ ಪಟ್ಟಿಯಾಚೆಗೂ ಮನುಷ್ಯರ ಕತೆ ಇದೆ ಎಂದು ಕನ್ನಡದ ಮಕ್ಕಳಿಗೆ ಮೊದಲು ಹೇಳಿದ್ದು ಇಂಥ ಸಂಪುಟಗಳು. ಇನ್ನೂ ಹಿಂದೆ ಪಂಜೆ ಮಂಗೇಶರಾಯರು ‘ಕೋಟಿ ಚೆನ್ನಯ’ ಬರೆದಿದ್ದರು. ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದ ಪಂಜೆಯವರು ತುಳು ಪಾಡ್ದನದ ಅವಳಿ ವೀರರನ್ನು ಕನ್ನಡ ಗದ್ಯಕ್ಕೆ ತಂದರು. ಗದ್ದೆಯಲ್ಲಿ ದುಡಿಯುವವರು ಹಾಡಿ ಉಳಿಸಿಕೊಂಡದ್ದೂ ಇತಿಹಾಸವೇ ಎಂಬುದನ್ನು ಅವರು ಚರ್ಚಿಸದೆ ಕತೆಯ ಮೂಲಕವೇ ತೋರಿಸಿಕೊಟ್ಟರು. ಆ ದಾರಿ ಮುಂದುವರಿದಿದ್ದರೆ ಮಲೆಮಹದೇಶ್ವರ, ಮಂಟೇಸ್ವಾಮಿ, ಜುಂಜಪ್ಪನ ಕಾವ್ಯಗಳಿಂದ ಮೈಸೂರು, ಚಾಮರಾಜನಗರ, ತುಮಕೂರು ಸೀಮೆಯ ಮಕ್ಕಳಿಗೆ ಬೇರೆಯೇ ಒಂದು ಕಪಾಟು ತುಂಬುತ್ತಿತ್ತು.

ಈಚಿನ ಇಬ್ಬರು ಲೇಖಕರಲ್ಲಿ ನನಗೆ ನಿಜವಾದ ಭರವಸೆ ಕಂಡಿದೆ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಪಿ. ಶೇಷಾದ್ರಿಯವರ ‘ಮೋಹನದಾಸ’ ಚಿತ್ರಕ್ಕೂ ಇದು ಆಧಾರ. ಕದ್ದು ಬೀಡಿ ಸೇದಿದ, ಕತ್ತಲಿಗೆ ಹೆದರಿದ, ಅಣ್ಣನ ಕಡಗದ ಚಿನ್ನ ಕದ್ದ ಹುಡುಗನನ್ನು ಗಾಂಧಿಯೇ ತಮ್ಮ ಆತ್ಮಕಥೆಯಲ್ಲಿ ನಮಗೆ ಕೊಟ್ಟಿದ್ದರು. ನಮ್ಮ ಮಕ್ಕಳ ಜೀವನಚರಿತ್ರೆಗಳು ಆ ಹುಡುಗನನ್ನು ಒಂದು ಪ್ಯಾರಾದಲ್ಲಿ ಮುಗಿಸಿ ದಂಡಿಗೆ ಓಡುತ್ತಿದ್ದವು. ಬೊಳುವಾರು ಅವನ ಜೊತೆ ನಿಂತರು. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಮರುವರ್ಷ, 2011ರಲ್ಲಿ, ಅದೇ ಪುರಸ್ಕಾರ ಪಡೆದ ಮಕ್ಕಳ ಕಾದಂಬರಿ. ಶರಾವತಿ ಯೋಜನೆಯ ಸೀಮೆಯಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಡಿಸೋಜರು 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮನೆಗಳು ಮುಳುಗಿದ್ದನ್ನು ಹತ್ತಿರದಿಂದ ಬಲ್ಲವರಾಗಿದ್ದರು. ಅಜ್ಜಿಯ ನೆನಪಿನಷ್ಟು ಹತ್ತಿರದ್ದೂ ಚರಿತ್ರೆಯಾಗಬಲ್ಲದು, ಅದರಲ್ಲಿ ಕಿರೀಟವಿಲ್ಲದಿದ್ದರೂ ಮಕ್ಕಳು ಓದುತ್ತಾರೆ ಎಂಬುದಕ್ಕೆ ಈ ಪುಸ್ತಕವೇ ಸಾಕ್ಷಿ.

ಇದೇ ಕಣ್ಣಿನಿಂದ ಬನ್ನಿಮಂಟಪದ ರಸ್ತೆಯನ್ನು ನೋಡಿದರೆ ಬರೆಯಬೇಕಾದ ಪುಸ್ತಕಗಳು ಸಾಲುಗಟ್ಟಿ ನಿಂತಿವೆ. ಸುಮಾರು 750 ಕಿಲೋ ತೂಕದ ಅಂಬಾರಿಯಲ್ಲಿ ಒಂದು ಕಾಲಕ್ಕೆ ಅರಸರು ಕೂರುತ್ತಿದ್ದರು, ಈಗ ಚಾಮುಂಡೇಶ್ವರಿಯ ಮೂರ್ತಿ ಇರುತ್ತದೆ. ಸಂಸ್ಥಾನ, ಪ್ರಜಾಪ್ರಭುತ್ವ, 1971ರ ರಾಜಧನ ರದ್ದತಿ, ಇಷ್ಟನ್ನೂ ಆ ಒಂದು ಪೀಠ ಮಗುವಿಗೆ ಹೇಳಬಲ್ಲದು. ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ ಹಿಂದಿನ ದಸರಾ ಮೆರವಣಿಗೆಯ 26 ಚಿತ್ರಫಲಕಗಳಿವೆ. ಮೈಸೂರಿನ ಕಲಾವಿದರು ಬರೆದ ಆ ಮುಖಗಳು ಕಲ್ಪನೆಯವಲ್ಲ, ನಿಜವಾಗಿ ನಡೆದುಹೋದ ಜನರವು. ಬಿರುದಿನ ಕೋಲು ಹಿಡಿದವರು, ವಾದ್ಯದವರು, ಕುದುರೆಯ ಲಗಾಮು ಹಿಡಿದವರು. ಪ್ರವಾಸಕ್ಕೆ ಬಂದ ಶಾಲಾಮಕ್ಕಳು ಅವುಗಳ ಮುಂದೆ ಸಾಲಾಗಿ ನಡೆದುಹೋಗುತ್ತಾರೆ. ಒಂದೇ ಒಂದು ಫಲಕದ ಮುಂದೆ ನಿಲ್ಲಿಸಿ, ಇವರ ಕೆಲಸವೇನು, ಸಂಜೆ ಇವರು ಯಾವ ಮೊಹಲ್ಲಾಕ್ಕೆ ಮರಳುತ್ತಿದ್ದರು ಎಂದು ಕೇಳುವ ಪುಸ್ತಕ ಅವರ ಕೈಯಲ್ಲಿರಬೇಕಿತ್ತು.

ಆನೆಗಳ ಜೊತೆ ಕಾಡಂಚಿನ ಶಿಬಿರಗಳಿಂದ ಮಾವುತರು, ಕಾವಾಡಿಗಳು ಕುಟುಂಬ ಸಮೇತ ಬರುತ್ತಾರೆ. ಅವರ ಮಕ್ಕಳಿಗೆಂದು ಅರಮನೆಯ ಆವರಣದಲ್ಲೇ ತಾತ್ಕಾಲಿಕ ಟೆಂಟ್ ಶಾಲೆ ನಡೆಯುತ್ತದೆ. ಆ ಶಾಲೆಯ ಮಗು ಓದಿದರೆ ತನ್ನನ್ನು ಕಾಣಬಹುದಾದ ದಸರಾ ಪುಸ್ತಕ ನನ್ನ ಓದಿನಲ್ಲಿ ಇನ್ನೂ ಸಿಕ್ಕಿಲ್ಲ. ಕತೆಗಂತೂ ಬರವಿಲ್ಲ. 1924ರಲ್ಲಿ ಎಚ್.ಡಿ. ಕೋಟೆ ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿ, ಅನಾಥನಾಗಿ ಆನೆಲಾಯದಲ್ಲಿ ಬೆಳೆಯುತ್ತಿದ್ದ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆಲ್ಲ ಗೊತ್ತಾದ. ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಂದೂಕುಗಾರನಾಗಿ ಪದಕ ಪಡೆದ. 39ಕ್ಕೇ ತೀರಿಕೊಂಡ. ಎಚ್.ಡಿ. ಕೋಟೆಯ ಮಗುವೊಂದಕ್ಕೆ ಈ ಕತೆ ಕನ್ನಡದಲ್ಲಿ ಎಷ್ಟು ಬೇಕಾಗಿತ್ತು!

ಅರಸರ ಕತೆಯನ್ನೇ ಹೇಳಬೇಕೆಂದರೂ ಮಗುವಿನ ಎತ್ತರದಿಂದ ಹೇಳಬಹುದು. ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಾಗ ಅವರಿಗೆ ಹತ್ತು ವರ್ಷ. ತಂದೆ ದೂರದ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಎರಡು ವರ್ಷದ ಮೇಲೆ, 1897ರಲ್ಲಿ, ಅಕ್ಕನ ಮದುವೆಯ ಸಮಯದಲ್ಲೇ ಮರದ ಅರಮನೆ ಹೊತ್ತಿ ಉರಿಯಿತು. ನಮ್ಮ ಪುಸ್ತಿಕೆಗಳಲ್ಲಿ ನಾಲ್ವಡಿಯವರು ಕನ್ನಂಬಾಡಿ ಕಟ್ಟಿದ ರಾಜರ್ಷಿಯಾಗಿಯೇ ಕಾಣಿಸಿಕೊಳ್ಳುತ್ತಾರೆ. ಮನೆ ಸುಡುವುದನ್ನು ನೋಡಿದ ಹನ್ನೆರಡರ ಹುಡುಗ ಎಲ್ಲಿ ಹೋದ?

ಎಲ್ಲಕ್ಕಿಂತ ನನಗೆ ತುರ್ತೆನಿಸುವುದು 1799. ಅದಕ್ಕೂ ಏಳು ವರ್ಷ ಹಿಂದೆ, 1792ರಲ್ಲಿ, ಟಿಪ್ಪು ಸುಲ್ತಾನನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲೀಸ್ ಒತ್ತೆಯಾಳಾಗಿ ಪಡೆದ. ಹತ್ತರ ಒಳಹೊರಗಿನ ವಯಸ್ಸಿನ ಆ ಹುಡುಗರು ಎರಡು ವರ್ಷ ತಂದೆತಾಯಿಯಿಂದ ದೂರವಿದ್ದು 1794ರಲ್ಲಿ ಮರಳಿದರು. ರಾಬರ್ಟ್ ಹೋಮ್ ಮುಂತಾದ ಇಂಗ್ಲಿಷ್ ಚಿತ್ರಕಾರರು ಆ ಘಟನೆಯನ್ನು ತಮ್ಮ ದೊರೆಗಳ ಔದಾರ್ಯದ ಚಿತ್ರವಾಗಿ ಬರೆದು ಲಂಡನ್ನಿನ ಗೋಡೆಗಳಿಗೆ ಒದಗಿಸಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳಿಸಿದರು. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದರು. ಸಿಂಹಾಸನ ವಂಶಕ್ಕೆ ಮರಳಲೆಂದು ದಶಕಗಳ ಕಾಲ ಗುಟ್ಟಾಗಿ ದುಡಿದ ಅಜ್ಜಿ ಲಕ್ಷ್ಮಮ್ಮಣ್ಣಿ ಪಕ್ಕದಲ್ಲಿದ್ದರು. ಒಂದೇ ವರ್ಷ, ಒಂದೇ ಸೀಮೆ, ಎರಡು ಮನೆಯ ಮಕ್ಕಳು.

ಇದನ್ನು ಮಕ್ಕಳಿಗೆ ಹೇಳಲು ನಮಗೆ ಧೈರ್ಯ ಬಂದಿಲ್ಲ. ಟಿಪ್ಪು ದೊಡ್ಡವರ ಜಗಳವಾಗಿಬಿಟ್ಟಿದ್ದಾನೆ. 2015ರಲ್ಲಿ ಸರ್ಕಾರ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು, ಪಠ್ಯಪುಸ್ತಕದ ಸಾಲುಗಳು ಬಂದುಹೋದವು. ಆ ಗದ್ದಲದಲ್ಲಿ ಹುಲಿಯೋ ಕ್ರೂರಿಯೋ ಎಂಬ ಎರಡೇ ಟಿಪ್ಪು ಮಗುವಿಗೆ ಸಿಗುತ್ತಾನೆ. ವೆಲ್ಲೂರಿಗೆ ಹೊರಟ ಬಂಡಿಯಲ್ಲಿ ಕೂತ ಹುಡುಗನೂ ಚಪ್ಪರದ ಕೆಳಗೆ ನಿದ್ದೆಗಣ್ಣಲ್ಲಿ ಪಟ್ಟಕ್ಕೆ ಕೂತಿರಬಹುದಾದ ಹುಡುಗನೂ ಒಂದೇ ಕಾದಂಬರಿಯೊಳಗೆ ಬಂದರೆ, ಓದುವ ಮಗು ಪಕ್ಷ ಹಿಡಿಯುವ ಮುನ್ನ ಇಬ್ಬರ ಜೊತೆಗೂ ನಡೆಯಬೇಕಾಗುತ್ತದೆ. ಅಂಥ ಕಾದಂಬರಿಯಲ್ಲಿ ಪೂರ್ಣಯ್ಯನವರೂ ಇರಬೇಕು. ಟಿಪ್ಪುವಿನ ಹಣಕಾಸನ್ನು ನೋಡಿಕೊಂಡಿದ್ದ ಅವರೇ ಎರಡು ತಿಂಗಳೊಳಗೆ ಐದು ವರ್ಷದ ಅರಸನ ದಿವಾನರಾದರು. ಅದನ್ನು ದ್ರೋಹವೆಂದೋ ಜಾಣತನವೆಂದೋ ಷರಾ ಬರೆಯದೆ, ಆ ಎರಡು ತಿಂಗಳು ಆ ಮನುಷ್ಯನಿಗೆ ಹೇಗಿದ್ದಿರಬಹುದೆಂದು ಮಗುವಿನ ಜೊತೆ ಕೂತು ಯೋಚಿಸಬಲ್ಲ ಲೇಖಕರು ಕನ್ನಡದಲ್ಲಿ ಇದ್ದಾರೆ. ಪ್ರಕಾಶಕರು ಅವರನ್ನು ಇನ್ನೊಂದು ಜೀವನಚರಿತ್ರೆ ಬರೆದುಕೊಡಿ ಎಂದು ಕೇಳುವ ಬದಲು ಈ ಪುಸ್ತಕವನ್ನು ಕೇಳಲಿ.